ಪಂಕಜಮ್ಮನ ಹೆಸರಿಗೆ ಬಂದ ಬೀಜ

"ಪಂಕಜಮ್ಮ ಅನ್ನೋರ ಮನೆ ಇದೇನಾ?"

ಗೇಟಿನಾಚೆಯಿಂದ ಆ ದನಿ ಕೇಳಿದ್ದೇ ತಡ, ತನ್ಮಯಿಯ ಕೈಯಲ್ಲಿದ್ದ ನೀರಿನ ಪೈಪು ಗಿಡ ಬಿಟ್ಟು ಅವಳ ಕಾಲ ಮೇಲೆ ಸುರಿಯತೊಡಗಿತು.

ಆ ದನಿ ಅವಳಿಗೆ ಗೊತ್ತು! ನಾಲ್ಕು ತಿಂಗಳಿಂದ ಫೋನನ್ನು ಕಿವಿಗೆ ಒತ್ತಿಕೊಂಡು ಅದನ್ನೇ ಕೇಳಿದ್ದಳು. ಮುಖ ನೋಡಿದ್ದು ಮಾತ್ರ ಇವತ್ತೇ.

ಪುನೀತ್...

ಮೊಣಕೈಗೆ ಹೆಲ್ಮೆಟ್ ಸಿಕ್ಕಿಸಿಕೊಂಡು ನಿಂತಿದ್ದ. ಏಪ್ರಿಲ್ ಬಿಸಿಲಿಗೆ ಶರ್ಟು ಬೆನ್ನಿಗೆ ಅಂಟಿತ್ತು. ಅವಳು ಅಂದುಕೊಂಡಿದ್ದಕ್ಕಿಂತ ಎತ್ತರ ಸ್ವಲ್ಪ ಕಡಿಮೆ, ಕಣ್ಣು ಮಾತ್ರ ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಆ ಕಣ್ಣಲ್ಲಿ ಈಗ ನಿದ್ದೆಗೆಟ್ಟ ಕೆಂಪಿತ್ತು.

"ಹೌದು... ಪಂಕಜಾ ನಮ್ಮತ್ತೆ. ಈಗ ಮನೇಲಿಲ್ಲ," ಎಂದಳು. ಅದು ಸುಳ್ಳಲ್ಲ. ಅತ್ತೆ ಸಂಗೀತದ ಕ್ಲಾಸಿಗೆ ಹೋಗಿದ್ದರು.

"ನಾನು ಇಬ್ಬನಿ ಬೀಜಗಳು ಅಂತ... ರಾಮಕೃಷ್ಣನಗರದಿಂದ ಬಂದೆ ಕಣ್ರೀ. ಅಮ್ಮೋರಿಗೆ ಪೋಸ್ಟಲ್ಲಿ ಬೀಜ ಕಳಿಸಿದ್ದೆ. ಅವರಿಂದ ಒಂದು ಸಹಾಯ ಆಗ್ಬೇಕಿತ್ತು. ಫೋನಲ್ಲಿ ಕೇಳೋ ವಿಷಯ ಅಲ್ಲ ಅಂತ ಬಂದ್ಬುಟ್ಟೆ."

'ನಾಳೆ ಬನ್ನಿ' ಅನ್ನಬಹುದಿತ್ತು. ಜಾಣರಾದವರು ಹಾಗೇ ಅನ್ನುತ್ತಿದ್ದರು. ನಮ್ಮ ತನ್ಮಯಿ ಗೇಟು ತೆಗೆದಳು.

ಲಕ್ಷ್ಮೀಪುರಂನ ಆ ಹಳೇ ಮನೆಯ ಜಗಲಿಯ ಮೇಲೆ ಅವನು ಕೂತ. ಅವಳು ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದು, ಜೇಬಿನಿಂದ ಮಡಚಿದ ಕಾಗದ ತೆಗೆದು ಅವಳ ಮುಂದೆ ಹರಡಿದ.

"ಇದನ್ನ ನೋಡಿದೀರಾ?"

ನೋಡಿದ್ದಳೇ? ಬರೆದವಳೇ ಅವಳು!

'ಬೆಟ್ಟದ ತೋಟ' ಪತ್ರಿಕೆಯ ಈ ತಿಂಗಳ ಸಂಚಿಕೆ. ನಾಲ್ಕೇ ಪುಟ. ಎತ್ತರದ, ಚಳಿಯ ಊರುಗಳಲ್ಲಿ ತೋಟ ಮಾಡುವವರು ಯಾವ ಸಂಸ್ಥೆಯಿಂದ ಅಂಚೆಯಲ್ಲಿ ಬೀಜ ತರಿಸಬಹುದು ಎಂಬ ವರ್ಷದ ಪಟ್ಟಿ. ಏಳು ಹೆಸರುಗಳು. ಏಳನೆಯದರ ಕೆಳಗೆ ಪುನೀತ್ ಕೆಂಪು ಗೆರೆ ಎಳೆದಿದ್ದ.

'ಇಬ್ಬನಿ ಬೀಜಗಳು, ಮೈಸೂರು. ಲೆಟ್ಯೂಸ್ ಸೊಪ್ಪು: ನೂರು ಬೀಜಕ್ಕೆ ಹನ್ನೆರಡು ಮೊಳಕೆ. ಹಳೆಯ ದಾಸ್ತಾನು ಇರಬಹುದು. ತರಿಸಬೇಡಿ.'

"'ತರಿಸಬೇಡಿ' ಅಂತೆ!" ಅವನು ಆ ಸಾಲಿನ ಮೇಲೆ ಬೆರಳು ಕುಟ್ಟಿದ. "ನೀಲಗಿರಿ ಕಡೆ ನಲವತ್ತು ಶಾಲೆಲಿ ಮಕ್ಕಳ ಕೈಲಿ ತೋಟ ಮಾಡಿಸೋ ಸಂಸ್ಥೆ ಒಂದಿದೆ. ಈ ವರ್ಷ ಬೀಜ ಎಲ್ಲಾ ನಮ್ದೇ ಅಂತ ಮಾತಾಗಿತ್ತು. ಇದನ್ನ ಓದಿ ನಿಲ್ಲಿಸ್ಬುಟ್ರು. ಬರೋ ಶನಿವಾರ ಅಲ್ಲ, ಅದರ ಮುಂದಿನ ಶನಿವಾರ ಮಧ್ಯಾಹ್ನ ತೀರ್ಮಾನ ಮಾಡ್ತಾರೆ. ಆಮೇಲೆ ಬಿತ್ತನೆ ಕಾಲನೇ ಮುಗ್ದೋಗುತ್ತೆ. ಅದು ಕೈ ತಪ್ಪಿದ್ರೆ ಇಬ್ಬನಿ ಮುಚ್ಚೋದೇ. ಬೆಟ್ಟದಲ್ಲಿ ಒಂಬತ್ತು ಮನೆಯವರು ನನ್ನ ಮಾತು ನಂಬಿ, ಸೊಪ್ಪು ಕೀಳ್ದೆ ಬೀಜಕ್ಕೆ ಅಂತ ಬಿಟ್ಟಿದ್ರು ಕಣ್ರೀ."

"ಅತ್ತೆಯಿಂದ... ಏನಾಗ್ಬೇಕು?"

"ಎರಡು ಸಾಲು ಬರ್ದುಕೊಡ್ಲಿ. 'ನಾನು ತರಿಸಿದ್ದೆ, ಮೊಳಕೆ ಚೆನ್ನಾಗಿ ಬಂತು' ಅಂತ. ಅವರಿಗೆ ಬಂದೇ ಇರುತ್ತೆ, ನಂಗೊತ್ತು. ಚೀಟಿಲಿ ಬರ್ದಿದ್ದನ್ನ ಅಚ್ಚುಕಟ್ಟಾಗಿ ಮಾಡೋರು ಅವರು."

"ಚೀಟಿ..." ತನ್ಮಯಿ ಖಾಲಿ ಲೋಟ ಎತ್ತಿಕೊಂಡಳು.

"ಅದೇ, ಪ್ಯಾಕೆಟ್ ಜೊತೆ ಇಟ್ಟಿದ್ನಲ್ಲ. ಒದ್ದೆ ಬಟ್ಟೇಲಿ ಸುತ್ತಿ ಐದು ದಿನ ಫ್ರಿಜ್ಜಲ್ಲಿ ಇಟ್ಟು, ಆಮೇಲೆ ತಂಪು ಜಾಗದಲ್ಲಿ ಇಡಿ ಅಂತ. ಅವು ಚಳೀಲಿ ಹುಟ್ಟಿದ ಬೀಜ. ಮೈಸೂರಿನ ಈ ಬಿಸಿಗೆ ಸತ್ತಂಗೆ ಮಲಗ್ಬಿಡುತ್ವೆ." ಅವನು ಕಾಗದ ಮಡಚಿದ. "ಇದನ್ನ ಬರ್ದಿರೋ ಈ ತನ್ಮಯಿ ಅನ್ನೋರಿಗೆ ಅಷ್ಟೂ ಗೊತ್ತಿಲ್ಲ! ಒಂದಿನ ಸಿಗ್ಲಿ..."

"ಸಿಕ್ಕಿದ್ರೆ?"

"ಏನ್ಮಾಡ್ಲಿ? ಕೇಳ್ತೀನಿ. ಇನ್ನೊಬ್ಬರ ಬದುಕನ್ನ ಒಂದು ಪದದಲ್ಲಿ ಮುಗಿಸೋವಾಗ ನಿಮ್ಮ ಕೈ ನಡುಗ್ಲಿಲ್ವಾ ಅಂತ."

ನಡುಗಿತ್ತು. ಆ ಪದ ಬರೆಯುವಾಗ ಅವಳು ಎರಡು ಸಲ ಅಳಿಸಿ ಬರೆದಿದ್ದಳು. ಆದರೆ ಅದನ್ನು ಈಗ ಹೇಗೆ ಹೇಳುವುದು? ಅವಳ ಕಣ್ಣು ತುಂಬಿ ಬಂತು. ಅವನು ಅದನ್ನು ನೋಡಿ ಗಾಬರಿಯಾಗಿ ಎದ್ದುನಿಂತ.

"ಅಯ್ಯೋ, ನಿಮ್ಮ ಮುಂದೆ ಕೂಗಾಡ್ಬುಟ್ಟೆ... ಕ್ಷಮಿಸಿ. ಅಮ್ಮೋರಿಗೆ ಹೇಳಿ ಸಾಕು."

ಹೆಲ್ಮೆಟ್ ಹಾಕಿಕೊಂಡು ಹೊರಟೇ ಹೋದ. ಅವಳ ಹೆಸರನ್ನು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

* * *

ಇದೆಲ್ಲ ಶುರುವಾದದ್ದು ಒಂದು ನಿಯಮದಿಂದ.

ತನ್ಮಯಿಯ ಅಪ್ಪ ದೊರೆಸ್ವಾಮಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. 'ಬೆಟ್ಟದ ತೋಟ' ಅವರದೇ ಕೂಸು. ಮಡಿಕೇರಿ, ಊಟಿ, ಕೋಟಗಿರಿ ಕಡೆಯ ಸಾವಿರದ ನೂರು ಜನ ಓದುಗರು. ಪಟ್ಟಿಯ ಮೇಲೆ ಆ ಜನರಿಗೆ ಇದ್ದ ನಂಬಿಕೆಗೆ ಕಾರಣ ದೊರೆಸ್ವಾಮಿಯವರ ಕಟ್ಟುನಿಟ್ಟು. ಬೀಜವನ್ನು ಬೇರೆಯವರ ಹೆಸರಲ್ಲಿ ತರಿಸಬೇಕು, ಸಂಸ್ಥೆಯವರಿಗೆ ಗೊತ್ತಾಗಬಾರದು. ಎಲ್ಲ ಬೀಜಕ್ಕೂ ಒಂದೇ ಬಗೆಯ ಬಟ್ಟೆ, ಒಂದೇ ಶೆಲ್ಫು, ಒಂದೇ ಲೆಕ್ಕದ ದಿನ. ಸಂಸ್ಥೆಯವರು ಇಟ್ಟ ಚೀಟಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಒಬ್ಬರಿಗೆ ಒಂದು ರಿಯಾಯಿತಿ ಕೊಟ್ಟರೆ ಪಟ್ಟಿಯ ಮಾನ ಹೋಯಿತು ಎಂಬುದು ಅವರ ಹಟ.

ಹಾಗಾಗಿ ಈ ಸಲ ಇಬ್ಬನಿಗೆ ಆರ್ಡರ್ ಹೋದದ್ದು ಅಪ್ಪನ ತಂಗಿ ಪಂಕಜತ್ತೆಯ ಹೆಸರಲ್ಲಿ, ತನ್ಮಯಿಯ ಫೋನ್ ನಂಬರಿನಿಂದ. 'ಕೋಟಗಿರಿಯಲ್ಲಿ ಪುಟ್ಟ ತೋಟವಿದೆ, ಬೀಜ ಮಾತ್ರ ಮೈಸೂರಿನ ಮನೆಗೆ ಕಳಿಸಿ' ಎಂದು ಬರೆದಳು.

ಉಳಿದ ಆರು ಕಡೆಯಿಂದ ಬಿಲ್ಲು ಬಂತು. ಇಬ್ಬನಿಯಿಂದ ಒಂದು ಪ್ರಶ್ನೆ ಬಂತು. "ಅಮ್ಮಾ, ನಿಮ್ಮ ತೋಟಕ್ಕೆ ಬೆಳಗಿನ ಬಿಸಿಲು ಬೀಳುತ್ತಾ, ಸಂಜೇದಾ? ಅದನ್ನ ನೋಡ್ಕೊಂಡು ತಳಿ ಕಳಿಸ್ತೀನಿ."

ಯಾವ ಅಂಗಡಿಯವನು ಹಾಗೆ ಕೇಳುತ್ತಾನೆ?

ಬೀಜ ಬಂದ ಮೇಲೆ ಪಂಕಜಮ್ಮನ ಕೆಲಸ ಮುಗಿದಿತ್ತು. ಆದರೆ ತನ್ಮಯಿ ಮುಗಿಸಲಿಲ್ಲ. ಇಲ್ಲದ ತೋಟಕ್ಕೆ ಮಂಜು ಬಿತ್ತು, ಹುಳ ಬಂತು, ಕಾಡುಕುರಿ ನುಗ್ಗಿತು. ಎಲ್ಲಕ್ಕೂ ಅವನು ಧ್ವನಿ ಸಂದೇಶದಲ್ಲಿ ಸಮಾಧಾನ ಹೇಳುತ್ತಿದ್ದ. ಅವಳು ಟೈಪ್ ಮಾಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಅರವತ್ತರ ಹೆಂಗಸಿನ ಹಾಗೆ "ಊಟ ಆಯ್ತೇನಪ್ಪಾ" ಎಂದು ಕೇಳುವುದು, ಅವನು "ಆಯ್ತಮ್ಮಾ" ಅನ್ನುವಾಗ ಇವಳ ಎದೆ ಹೊಡೆದುಕೊಳ್ಳುವುದು... ನಗು ಬರುತ್ತದೆ ಅಲ್ಲವೇ? ಅವಳಿಗೂ ಬರುತ್ತಿತ್ತು, ಮಾರ್ಚ್ ಕೊನೆಯವರೆಗೆ.

ಮಾರ್ಚ್ ಕೊನೆಯಲ್ಲಿ ಮೊಳಕೆ ಪರೀಕ್ಷೆ ಬಂತು. ಅವನ ಚೀಟಿ ಅವಳ ಕೈಯಲ್ಲಿತ್ತು. ಇಪ್ಪತ್ತು ಸಲ ಓದಿದ್ದಳು. ಅಪ್ಪನಿಗೆ ಹೇಳಬಹುದಿತ್ತು. 'ಅಪ್ಪಾ, ಇದನ್ನ ಫ್ರಿಜ್ಜಿನಲ್ಲಿಡಬೇಕಂತೆ' ಎಂದು ಒಂದು ಮಾತು!

ಹೇಳಲಿಲ್ಲ. ಅವನ ಮೇಲೆ ಮನಸ್ಸಾಗಿದೆ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ನಾನು ಅವನ ಪಕ್ಷ ವಹಿಸುತ್ತಿದ್ದೇನೆಯೇ ಎಂಬ ಹೆದರಿಕೆಯಲ್ಲಿ, ಉಳಿದ ಆರು ಜನರಿಗಿಂತ ಹೆಚ್ಚು ಕಠಿಣವಾಗಿ ಅವನನ್ನೇ ಅಳೆದಳು. ಹನ್ನೆರಡು ಮೊಳಕೆ ನೋಡಿದಾಗ ಮೋಸ ಹೋದೆ ಎಂದುಕೊಂಡು ಅತ್ತಳು. ಅಳುತ್ತಲೇ 'ತರಿಸಬೇಡಿ' ಎಂದು ಬರೆದಳು.

* * *

"ಅಪ್ಪಾ... ನಾವು ತಪ್ಪು ಮಾಡಿದೀವಿ."

ದೊರೆಸ್ವಾಮಿ ಓದುತ್ತಿದ್ದ ಪೇಪರು ಇಳಿಸಿದರು. "ಏಳೂ ಒಂದೇ ಶೆಲ್ಫಿನಲ್ಲಿ ಇದ್ದವಲ್ಲಮ್ಮ. ತಪ್ಪೆಲ್ಲಿ?"

"ಪ್ರತಿ ವರ್ಷ ಡಿಸೆಂಬರಲ್ಲಿ ಪರೀಕ್ಷೆ ಮಾಡ್ತಿದ್ವಿ. ಈ ಸಲ ನಿಮ್ಮ ಕಣ್ಣಿನ ಆಪರೇಷನ್ ಅಂತ ಮಾರ್ಚ್ ಕೊನೆಗೆ ಹೋಯ್ತು. ಆ ರೂಮಲ್ಲಿ ಮೂವತ್ತೈದು ಡಿಗ್ರಿ ಇತ್ತಪ್ಪಾ! ಉಳಿದವರದು ಬಯಲಲ್ಲಿ ಬೆಳೆದ ಬೀಜ, ತಡ್ಕೊಂಡ್ವು. ಇಬ್ಬನಿಯ ಬೆಟ್ಟದ ಲೆಟ್ಯೂಸು ಆ ಬಿಸಿಗೆ ಏಳುತ್ತಾ?"

ಅವರ ಮುಖ ಬಾಡಿತು. ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು.

"ಬಿಸಿಗೆ ಕೆಲವು ಬೀಜ ಮಲಗಿಬಿಡುತ್ತವೆ ಅಂತ ನಾನೇ ಮೂವತ್ತು ವರ್ಷ ಪಾಠ ಹೇಳಿದ್ದೆ," ಎಂದರು. "ಆದರೆ ಮಗಳೇ, ನಿಜವಾಗಿಯೂ ಅದು ಹಳೇ ಬೀಜವೇ ಇದ್ದರೆ? ಎಣಿಸದೆ ತಿದ್ದೋಕಾಗಲ್ಲ."

"ಎಣಿಸೋಣ. ಬರಿ ಅವರದಲ್ಲ, ಏಳನ್ನೂ. ಐದು ದಿನ ಫ್ರಿಜ್ಜಲ್ಲಿ, ಆಮೇಲೆ ಅಡುಗೆಮನೆ ನೀರಿನ ಮಡಕೆ ಕೆಳಗಿನ ಒದ್ದೆ ಮರಳಿನ ಮೇಲೆ. ಇವತ್ತು ಗುರುವಾರ. ಮಂಗಳವಾರ ಸಂಜೆ ಹೊರಗೆ ತೆಗೆದ್ರೆ, ಶನಿವಾರ ಬೆಳಿಗ್ಗೆವರೆಗೆ ಟೈಮಿದೆ."

"ಮೂರೂವರೆ ದಿನ," ಎಂದರು ದೊರೆಸ್ವಾಮಿ. "ಸಾಕಾಗದೆಯೂ ಇರಬಹುದು." ಆಮೇಲೆ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಇಬ್ಬನಿಯವರು ಚೀಟಿ ಇಟ್ಟಿದ್ದರೇ? ನೀನು ಓದಿದ್ದೆಯಾ?"

"ಓದಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

ಅವಳು ಮುಖ ತಿರುಗಿಸಿ ಬೀಜ ಎಣಿಸಲು ಒಳಗೆ ಹೋದಳು.

ಸಂಜೆ ಪಂಕಜತ್ತೆ ಬಂದು ಫ್ರಿಜ್ಜು ತೆಗೆದವರೇ ಕೂಗಿದರು. "ಇದೇನೇ ಇದು! ದೋಸೆ ಹಿಟ್ಟು ಆಚೆ, ಹಳೇ ಪಂಚೆ ಚೂರು ಒಳಗೆ!"

ತನ್ಮಯಿ ಎಲ್ಲ ಹೇಳಿದಳು. ಎಲ್ಲ ಅಂದರೆ, ಮನಸ್ಸಿನ ವಿಷಯವನ್ನೂ. ಅತ್ತೆ ಗಲ್ಲಕ್ಕೆ ಕೈಯಿಟ್ಟು ಕೇಳಿದರು.

"ನನ್ನ ಹೆಸರಲ್ಲಿ ನೀನು ಪ್ರೀತಿ ಮಾಡಿದೀಯಾ? ನನ್ನ ಕೈಲಿ ತುಳಸಿ ಗಿಡ ಕೂಡ ಉಳಿಯಲ್ಲ ಕಣೇ! ಪಾಪ, ಆ ಹುಡುಗ ನನ್ನ ಬಗ್ಗೆ ಏನೇನು ಅಂದ್ಕೊಂಡಿದಾನೋ."

* * *

ಭಾನುವಾರ ಮಧ್ಯಾಹ್ನ ಪಂಕಜಮ್ಮನಿಗೆ, ಅಂದರೆ ತನ್ಮಯಿಯ ಫೋನಿಗೆ, ಒಂದು ಧ್ವನಿ ಸಂದೇಶ ಬಂತು.

"ಅಮ್ಮಾ, ಕಾಗದ ಬರ್ದುಕೊಡಿ ಅಂತ ಬಲವಂತ ಮಾಡಲ್ಲ. ಅದು ನಿಮ್ಮಿಷ್ಟ. ಆದ್ರೆ... ನಿಮ್ಮ ಮನೇಲಿ ಇದ್ರಲ್ಲ, ನಿಮ್ಮ ಸೊಸೆನೋ, ಅಣ್ಣನ ಮಗಳೋ... ಅವರ ಹೆಸರೇನಮ್ಮಾ? ಯಾರ ಮೇಲಿನ ಕೋಪಾನೋ ಅವರ ಮೇಲೆ ತೋರಿಸ್ಬುಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ಅದಕ್ಕೇ ನಂಗೆ ಮೂರು ದಿನದಿಂದ ಊಟ ಸೇರ್ತಿಲ್ಲ. ನಾನು ಕ್ಷಮೆ ಕೇಳ್ದೆ ಅಂತ ಹೇಳಿ."

ತನ್ಮಯಿ ಫೋನನ್ನು ದಿಂಬಿನ ಕೆಳಗೆ ತಳ್ಳಿದಳು. ಕ್ಷಮೆ! ಅವನು! ಅವಳನ್ನು!

ಇನ್ನು ಸಾಧ್ಯವಿಲ್ಲ... ಮೊಳಕೆ ಬರಲಿ, ಬಿಡಲಿ, ಅವನಿಗೆ ನಿಜ ತಿಳಿಯಲೇಬೇಕು ಎಂದುಕೊಂಡಳು.

ಸೋಮವಾರ ಹತ್ತು ಗಂಟೆಗೆ ರಾಮಕೃಷ್ಣನಗರದ ಆ ಮನೆಯ ಬಾಗಿಲು ತಟ್ಟಿದಳು. ತೆಗೆದವರು ಅವನ ತಾಯಿ ಮಂಗಳಮ್ಮ.

"ಬಾ ಕಣವ್ವ, ಬಿಸ್ಲಲ್ಲಿ ಎಂಗೆ ಬಂದೆ? ಕೂತ್ಕೊ, ಮಜ್ಜಿಗೆ ತತ್ತೀನಿ." ಯಾರು, ಏನು ಅಂತಲೂ ಕೇಳಲಿಲ್ಲ ಆ ತಾಯಿ.

ಮುಂದಿನ ಕೋಣೆಯೇ ಇಬ್ಬನಿಯ ಆಫೀಸು. ಗೋಡೆಯುದ್ದಕ್ಕೂ ಡಬ್ಬಗಳು, ಒಂದೊಂದರ ಮೇಲೂ ಬೆಳೆದವರ ಹೆಸರು. ಮೇಜಿನ ಮೇಲೆ ಅಂಚೆ ಲಕೋಟೆಗಳ ರಾಶಿ ಧೂಳು ಹಿಡಿಯುತ್ತಿತ್ತು. ಪುನೀತ್ ಎದ್ದು ನಿಂತ. ಅವಳನ್ನು ನೋಡಿ ಅವನ ಮುಖ ಅರಳಿತು. ಆ ಅರಳಿದ ಮುಖ ನೋಡಿ ಅವಳಿಗೆ ಇನ್ನೂ ಸಂಕಟವಾಯಿತು.

"ನೀವಾ! ಅಮ್ಮೋರು ಕಾಗದ ಕೊಟ್ಟು ಕಳಿಸಿದ್ರಾ?"

"ಪುನೀತ್... ನಿಮಗೆ ಮೆಸೇಜ್ ಮಾಡ್ತಿದ್ದ ಪಂಕಜಮ್ಮ ನಾನೇ."

ಅವನು ನಗಲು ಹೊರಟು ನಿಲ್ಲಿಸಿದ.

"ನಮ್ಮತ್ತೆಗೆ ಏನೂ ಗೊತ್ತಿರ್ಲಿಲ್ಲ. ಕೋಟಗಿರೀಲಿ ತೋಟ ಇಲ್ಲ. ನನ್ನ ಹೆಸರು..." ಅವಳು ಉಸಿರೆಳೆದುಕೊಂಡಳು. "ತನ್ಮಯಿ."

ಅವನು ಮೇಜಿನ ಅಂಚು ಹಿಡಿದುಕೊಂಡ.

"ಪಟ್ಟಿ ಬರ್ದ ತನ್ಮಯಿ?"

"ಹೂಂ."

"ಹಾಗಾದ್ರೆ... ನಾನು ಇಟ್ಟ ಚೀಟಿ ನಿಮ್ಮ ಕೈಗೇ ಬಂತು."

"ಬಂತು."

"ಓದಿದ್ರಾ?"

"ಇಪ್ಪತ್ತು ಸಲ ಓದಿದೆ."

"ಓದಿ... ಮಾಡ್ಲಿಲ್ಲ!" ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಗೊತ್ತಿಲ್ದೆ ಮಾಡಿದ್ರಿ ಅಂದ್ಕೊಂಡು ಬೈತಿದ್ದೆ ಕಣ್ರೀ. ಗೊತ್ತಿದ್ದೂ ಮಾಡಿದ್ರಾ?"

"ನಮ್ಮಲ್ಲಿ ಒಂದು ನಿಯಮ ಇದೆ... ಯಾರಿಗೂ ಬೇರೆ ರೀತಿ ಮಾಡಬಾರ್ದು ಅಂತ. ನಿಮಗೆ ಮಾತ್ರ ಮಾಡ್ಬಿಡ್ತೀನಿ ಅನ್ನೋ ಭಯ ನಂಗೆ. ಯಾಕಂದ್ರೆ..."

"ಸಾಕು." ಅವನು ಬಾಗಿಲ ಕಡೆ ನೋಡಿದ. "ನಾಲ್ಕು ತಿಂಗಳು! ನಮ್ಮಪ್ಪ ತೀರಿಕೊಂಡ ವಿಷಯ ನಾನು ಯಾರಿಗೂ ಅಷ್ಟು ಬಿಡಿಸಿ ಹೇಳಿರ್ಲಿಲ್ಲ. ಪಂಕಜಮ್ಮಂಗೆ ಹೇಳಿದ್ದೆ. ತಾಯಿ ಅಂದ್ಕೊಂಡು ಹೇಳಿದ್ದೆ. ನೀವು ಪರೀಕ್ಷೆ ಮಾಡ್ತಾ ಕೂತಿದ್ರಿ."

"ಅದು ಪರೀಕ್ಷೆ ಅಲ್ಲ ಪುನೀತ್! ಖಂಡಿತ ಅಲ್ಲ..."

"ಏನೋ ನಂಗೊತ್ತಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ಏಳು ಜನದ್ದೂ ಮತ್ತೆ ಎಣಿಸ್ತಿದೀವಿ. ನಾಳೆ ಫ್ರಿಜ್ಜಿನಿಂದ ತೆಗೀತೀವಿ. ಶನಿವಾರ ಬೆಳಿಗ್ಗೆ..."

"ಬಂದದ್ದನ್ನ ಅಚ್ಚು ಮಾಡಿ. ಮೂರು ಬಂದ್ರೆ ಮೂರು ಅಂತ ಮಾಡಿ. ನಂಗೆ ದಾನ ಬೇಡ." ಅವನ ದನಿ ಒಡೆಯಿತು. "ಅದನ್ನ ಹೇಳೋಕೆ ಅಂತ ಈ ಮನೆಗೆ ಮಾತ್ರ ಬರ್ಬೇಡಿ."

ಮಜ್ಜಿಗೆ ಲೋಟ ಹಿಡಿದು ಬಂದ ಮಂಗಳಮ್ಮ ಇಬ್ಬರ ಮುಖವನ್ನೂ ನೋಡಿ ಅಲ್ಲೇ ನಿಂತರು. ತನ್ಮಯಿ ಅವರ ಕೈಯಿಂದ ಲೋಟ ತೆಗೆದುಕೊಂಡು, ನಿಂತೇ ಕುಡಿದು, ನಮಸ್ಕಾರ ಮಾಡಿ ಹೊರಬಂದಳು. ಆಟೋ ಹತ್ತುವವರೆಗೂ ಅಳು ತಡೆದುಕೊಂಡಳು.

* * *

ಬುಧವಾರ ಏಳು ಬಟ್ಟೆಯಲ್ಲೂ ಏನೂ ಇಲ್ಲ.

ಗುರುವಾರ ಬೆಳಿಗ್ಗೆ ಆರು ಬಟ್ಟೆಗಳಲ್ಲಿ ಬಿಳಿ ಬೇರಿನ ತುದಿಗಳು ಕಾಣಿಸಿದವು. ಏಳನೆಯದರಲ್ಲಿ ಒಂದೂ ಇಲ್ಲ!

ತನ್ಮಯಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಅವನ ನೂರು ಬೀಜಗಳೂ ಕರಿ ಚುಕ್ಕಿಯ ಹಾಗೆ ಸುಮ್ಮನೆ ಬಿದ್ದಿದ್ದವು. ಹಾಗಾದರೆ ನಿಜವಾಗಿಯೂ ಹಳೇ ಬೀಜವೇ? ಅವನು ಸುಳ್ಳು ಹೇಳಿದನೇ? ಇಲ್ಲ... ಇಲ್ಲ... ಹಾಗೆ ಅನ್ನಲು ನಾನು ಯಾರು? ಇಲ್ಲವೇ ಅವನ ಮೇಲಿನ ಮನಸ್ಸು ನನ್ನಿಂದ ಹೀಗೆ ಅನ್ನಿಸುತ್ತಿದೆಯೇ? ತನ್ನ ಮೇಲೇ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ಪಂಕಜತ್ತೆ ಪಕ್ಕದಲ್ಲಿ ಬಂದು ಕೂತರು.

"ಹೋಗ್ಲಿ ಬಿಡು. ಒಂದು ಹಾಳೆ ಕೊಡು ಇಲ್ಲಿ. 'ನಾನು ತರಿಸಿದ್ದೆ, ಚೆನ್ನಾಗಿ ಮೊಳಕೆ ಬಂತು' ಅಂತ ನಾನೇ ಬರ್ದು ಸೈನ್ ಹಾಕ್ತೀನಿ. ಹುಡುಗನ ಬದುಕು ಉಳಿಯುತ್ತೆ. ನನ್ನ ಹೆಸರನ್ನ ನೀನು ಉಪಯೋಗಿಸಿದ್ದಾಯ್ತು, ನಾನೊಂದ್ಸಲ ಉಪಯೋಗಿಸ್ಬಾರ್ದಾ?"

ಒಂದು ಕ್ಷಣ... ಒಂದೇ ಒಂದು ಕ್ಷಣ ತನ್ಮಯಿಗೆ ಆಸೆಯಾಯಿತು. ಹಾಳೆ ಅಲ್ಲೇ ಮೇಜಿನ ಮೇಲಿತ್ತು.

"ಬೇಡ ಅತ್ತೆ. ಮೊಳಕೆ ಬರದ ಬೀಜ ಆ ಮಕ್ಕಳ ಕೈಗೆ ಹೋದ್ರೆ? ಬೇಸಿಗೆ ಇಡೀ ಮಣ್ಣು ನೋಡ್ತಾ ಕೂತಿರ್ತಾರೆ. ಅವರಿಗೂ ಅದು ಬೇಕಿಲ್ಲ."

"ಅವರು ಅಂದ್ರೆ ಯಾರೇ?"

"ಪುನೀತ್."

ಅತ್ತೆ ಅವಳ ತಲೆ ಸವರಿದರು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ದೊರೆಸ್ವಾಮಿಯವರೇ ಭೂತಗನ್ನಡಿ ಹಿಡಿದು ಬಟ್ಟೆ ಬಿಡಿಸಿದರು. ಆಪರೇಷನ್ ಆದ ಕಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ತನು... ಇಲ್ಲಿ ಬಾ. ಇದು ಬೇರೋ, ದಾರದ ಎಳೆಯೋ?"

ಬೇರು! ಒಂದು, ಎರಡು... ಒಂಬತ್ತು!

ಸಂಜೆಗೆ ನಲವತ್ತೊಂದು. ಆ ಇಡೀ ದಿನ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಮರಳು ಒಣಗದ ಹಾಗೆ ಅತ್ತೆಯೇ ನೀರು ಚಿಮುಕಿಸುತ್ತಿದ್ದರು, ತುಳಸಿಗೂ ಅಷ್ಟು ಮಾಡಿದವರಲ್ಲ. ನಲವತ್ತೊಂದಕ್ಕೇ ನಿಂತರೆ ಅದೂ ಸೋಲೇ ಎಂದು ಮೂವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ದೊರೆಸ್ವಾಮಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮೂರನೇ ಸಲವೂ ಎಣಿಸಿದರು.

"ಎಂಬತ್ತೇಳು," ಎಂದರು. "ಏಳರಲ್ಲಿ ಎರಡನೇ ಸ್ಥಾನ ಕಣಮ್ಮ."

ತನ್ಮಯಿ ಅಪ್ಪನ ಹೆಗಲ ಮೇಲೆ ಮುಖವಿಟ್ಟು ಗಳಗಳನೆ ಅತ್ತಳು.

ಅಳುವುದಕ್ಕೆ ಮಾತ್ರ ಸಮಯ ಇರಲಿಲ್ಲ. ಮಧ್ಯಾಹ್ನದೊಳಗೆ ತಿದ್ದುಪಡಿ ಎಲ್ಲ ಓದುಗರಿಗೂ ಹೋಗಬೇಕು, ಶಾಲಾ ತೋಟಗಳ ಆ ಸಂಸ್ಥೆ ನಡೆಸುವ ಯಶೋಧಾ ಅವರಿಗೂ. ಅವಳು ಲ್ಯಾಪ್‌ಟಾಪ್ ತೆಗೆದು ಕೂತಳು.

'ತಪ್ಪು ನಮ್ಮದು. ಚಳಿಯ ನಾಡಿನ ಬೀಜವನ್ನು ಮೈಸೂರಿನ ಬೇಸಿಗೆಯಲ್ಲಿ ಪರೀಕ್ಷಿಸಿದೆವು. ಹೇಗೆ ಮೊಳಕೆ ಬರಿಸಬೇಕೆಂದು ಇಬ್ಬನಿಯವರು ಬರೆದು ಕಳಿಸಿದ್ದರು. ಅದನ್ನು ಓದಿಯೂ ನಾನು ಪಾಲಿಸಲಿಲ್ಲ.' ಕೆಳಗೆ ಏಳೂ ಸಂಸ್ಥೆಗಳ ಹೊಸ ಎಣಿಕೆ.

ಆಮೇಲೆ ನಿಲ್ಲಿಸಿದಳು. ಉಗುರು ಕಚ್ಚಿದಳು. ಇನ್ನೊಂದು ಸಾಲು ಸೇರಿಸಿದಳು.

ದೊರೆಸ್ವಾಮಿ ಹಿಂದೆ ನಿಂತು ಅದನ್ನು ಗಟ್ಟಿಯಾಗಿ ಓದಿದರು. "'ಇದನ್ನು ಬರೆಯುತ್ತಿರುವವಳಿಗೆ ಇಬ್ಬನಿಯ ಪುನೀತ್ ಅವರ ಮೇಲೆ ವೈಯಕ್ತಿಕ ಒಲವಿದೆ. ಓದುಗರು ಇದನ್ನು ತಿಳಿದಿರಬೇಕು.'"

ಓದಿ ಮುಗಿಸಿ ಕೆಮ್ಮಿದರು. ಅವಳು ತಲೆ ಎತ್ತಲಿಲ್ಲ.

"ಇದನ್ನು ಹಾಕಿದರೆ ಯಶೋಧಾ ಅವರು ಇಡೀ ತಿದ್ದುಪಡಿಯನ್ನೇ ನಂಬದಿರಬಹುದು. ಆ ಹುಡುಗನಿಗೇ ನಷ್ಟ. ಯೋಚನೆ ಮಾಡಿದೀಯಾ?"

"ಮಾಡಿದೀನಿ. ಹಾಕ್ದಿದ್ರೆ ನಾನು ಮತ್ತೆ ಪಂಕಜಮ್ಮ ಆಗ್ತೀನಪ್ಪಾ."

ದೊರೆಸ್ವಾಮಿ ಮಗಳ ನೆತ್ತಿಯನ್ನೇ ನೋಡುತ್ತ ನಿಂತರು. ಬಗ್ಗಿ, ಎರಡೇ ಬೆರಳಲ್ಲಿ ನಿಧಾನವಾಗಿ ಕೊನೆಗೆ ಒಂದು ಸಾಲು ಕುಟ್ಟಿದರು. 'ಆದ್ದರಿಂದ ಎಣಿಸಿದ್ದು ನಾನು. ದೊರೆಸ್ವಾಮಿ.'

"ಕಳಿಸು," ಎಂದರು.

* * *

ಹನ್ನೊಂದಕ್ಕೆ ಯಶೋಧಾ ಅವರು ದೊರೆಸ್ವಾಮಿಯವರಿಗೆ ಫೋನ್ ಮಾಡಿ ಏಳೂ ಬಟ್ಟೆಗಳ ಫೋಟೊ ಕೇಳಿದರು. ಕಳಿಸಿದ್ದಾಯಿತು. ಆಮೇಲೆ ಸುದ್ದಿಯಿಲ್ಲ.

ಹನ್ನೆರಡಾಯಿತು. ಒಂದಾಯಿತು. ತನ್ಮಯಿಯ ಫೋನ್ ಮೂರು ಸಲ ಹೊಡೆದುಕೊಂಡಿತು, ಮೂರೂ ಸಲ ಓದುಗರು. ಎರಡಾಯಿತು. ನನ್ನ ಆ ಒಂದು ಸಾಲು ಅವನನ್ನು ಮುಳುಗಿಸಿತು... ಮೊದಲ ಸಲ ಹೆದರಿ ಕೆಡಿಸಿದೆ, ಈ ಸಲ ಧೈರ್ಯ ಮಾಡಿ ಕೆಡಿಸಿದೆ ಎಂದುಕೊಂಡಳು.

ನಾಲ್ಕು ಗಂಟೆಗೆ ಗೇಟಿನ ಮುಂದೆ ಬೈಕ್ ನಿಂತಿತು.

ಅವಳು ಜಗಲಿಯಿಂದ ಏಳಲಿಲ್ಲ. ಪುನೀತ್ ಒಳಗೆ ಬಂದು, ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಮುಖದಲ್ಲಿ ನಗುವಿರಲಿಲ್ಲ.

"ಇಪ್ಪತ್ತು ಶಾಲೆ ಕೊಟ್ರು," ಎಂದ. "ಅರ್ಧ. ತುಂಬಾ ಎತ್ತರದಲ್ಲಿರೋವು. ಉಳಿದರ್ಧ ನಿಮ್ಮ ಪಟ್ಟಿಲಿ ಮೊದಲನೇದಾಗಿ ಬಂದೋರಿಗೆ. ಅವರ ಬೀಜಾನೂ ಒಳ್ಳೇದೇ, ಬೇಜಾರಿಲ್ಲ."

"ಇಬ್ಬನಿ... ಮುಚ್ಚಲ್ವಾ?"

"ಮುಚ್ಚಲ್ಲ. ಒಂಬತ್ತು ಮನೆಗೂ ಫೋನ್ ಮಾಡಿ ಹೇಳೇ ಬಂದೆ."

ಅವಳು ಕಣ್ಣು ಮುಚ್ಚಿಕೊಂಡಳು. ಒಂಬತ್ತು ದಿನದಿಂದ ಹಿಡಿದಿದ್ದ ಉಸಿರು ಈಗ ಹೊರಬಂತು. ಸಾಕು... ಇಷ್ಟು ಸಾಕು. ಇನ್ನು ಅವನು ತಿರುಗಿ ನೋಡದೆ ಹೋದರೂ ಸರಿ.

ಅವನು ಹೋಗಲಿಲ್ಲ.

"ನಮ್ಮಮ್ಮಂಗೆ ಪೂರ್ತಿ ಓದಿ ಹೇಳ್ಬೇಕಾಯ್ತು. ಆ ಸಾಲನ್ನ ಎರಡ್ಸಲ ಓದಿಸಿದ್ರು. ಕೋಟಗಿರಿಯಿಂದ ಇಬ್ರು ಫೋನ್ ಮಾಡಿ, ಮದುವೆ ಯಾವಾಗ ಅಂತ ಕೇಳಿದ್ರು. ನಾನು ಯಾರಿಗೆ ಏನಂತ ಹೇಳ್ಲಿ?"

"ಕ್ಷಮಿಸಿ... ಇದ್ದದ್ದನ್ನ ಬರೀಲೇಬೇಕಿತ್ತು."

"ಸಾವಿರದ ನೂರು ಜನಕ್ಕೆ ಹೇಳಿದ್ರಿ. ನಂಗೊಬ್ಬಂಗೆ ಹೇಳ್ಲಿಲ್ಲ."

"ಮನೆಗೆ ಬರ್ಬೇಡಿ ಅಂದಿದ್ರಿ."

"ಈಗ ನಾನೇ ಬಂದಿದೀನಲ್ಲ."

ಒಳಗೆ ಪಂಕಜತ್ತೆಯ ಬಳೆ ಸದ್ದಾಗಿ ತಟ್ಟನೆ ನಿಂತಿತು. ತನ್ಮಯಿ ಎದ್ದು ನಿಂತಳು. ಈ ಸಲ ಬೇರೆ ಯಾರ ಹೆಸರೂ ಇರಲಿಲ್ಲ, ಟೈಪ್ ಮಾಡಿ ಅಳಿಸುವ ಹಾಗೂ ಇರಲಿಲ್ಲ.

"ನಂಗೆ ನೀವು ಇಷ್ಟ, ಪುನೀತ್. ಇಷ್ಟ ಅಂತ ಗೊತ್ತಾದಾಗ ಹೆದರ್ಕೊಂಡೆ. ಹೆದರಿ, ನಿಮಗೇ ಎಲ್ಲರಿಗಿಂತ ಜಾಸ್ತಿ ಅನ್ಯಾಯ ಮಾಡ್ದೆ. ನಿಮ್ಮಪ್ಪನ ವಿಷಯ ನೀವು ಹೇಳಿದ ದಿನ ನಾನು ಪರೀಕ್ಷೆ ಮಾಡ್ತಿರ್ಲಿಲ್ಲ... ಅಳ್ತಾ ಕೂತಿದ್ದೆ."

ಅವನು ಹೆಲ್ಮೆಟ್ಟನ್ನು ಜಗಲಿಯ ಮೇಲಿಟ್ಟ.

"ನಂಗಿನ್ನೂ ಕೋಪ ಹೋಗಿಲ್ಲ."

"ಗೊತ್ತು."

"ಹೋಗೋಕೆ ತುಂಬಾ ದಿನ ಹಿಡೀಬೋದು."

"ಕಾಯ್ತೀನಿ."

"ಎಲ್ಲೋ ಕೂತ್ಕೊಂಡು ಕಾಯೋದು ಬೇಡ..." ಅವನ ದನಿ ಈಗ ಮೆತ್ತಗಾಗಿತ್ತು. "ಜೊತೇಲೇ ಇರಿ. ದಿನಾ ಸ್ವಲ್ಪ ಸ್ವಲ್ಪ ಬೈತೀನಿ."

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. "ಎಷ್ಟು ದಿನ?"

"ನೀವು ಎಷ್ಟು ದಿನ ಇರ್ತೀ..." ಅವನು ಮಾತು ನುಂಗಿ, ನಾಲ್ಕು ಹೆಜ್ಜೆಯನ್ನೂ ದಾಟಿ ಬಂದು, ಅವಳ ಕೈ ಹಿಡಿದ. "ನೀನು ಎಷ್ಟು ದಿನ ಇರ್ತೀಯೋ, ಅಷ್ಟು ದಿನಾನೂ."